ಅಪ್ಪನಿಗೆ ಮಲ್ಟಿಪಲ್ ಮೈಲೋಮಾ: ಎಲ್ಲಿಗೆ ಕರೆದೊಯ್ಯುವುದು, ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ತಂದೆಗೆ 61 ವರ್ಷ. ಎಂಟು ತಿಂಗಳಿಂದ ಬೆನ್ನುನೋವು ಇತ್ತು. ತೋಟದ ಕೆಲಸದಿಂದ ಬಂದದ್ದು ಎಂದುಕೊಂಡು ನೋವಿನ ಮಾತ್ರೆ ನುಂಗಿಸುತ್ತ ದಿನ ದೂಡಿದೆವು. ಕಳೆದ ವಾರ ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನಿನ ಡಿ12 ಮೂಳೆ ಕುಸಿದಿದೆ ಎಂದು ತಿಳಿಯಿತು. ಹಿಮೋಗ್ಲೋಬಿನ್ 7.8, ಕ್ರಿಯೇಟಿನಿನ್ 2.6, ರಕ್ತದಲ್ಲಿ ಎಂ-ಬ್ಯಾಂಡ್ ಇದೆ. ಇದು ಮಲ್ಟಿಪಲ್ ಮೈಲೋಮಾ ಇರಬೇಕು, ರಕ್ತರೋಗ ತಜ್ಞರ ಬಳಿ ಹೋಗಿ ಎಂದು ಅಲ್ಲಿನ ವೈದ್ಯರು ಹೇಳಿದರು. ನೆಂಟರಲ್ಲಿ ಒಬ್ಬರು ಮುಂಬೈ ಎನ್ನುತ್ತಾರೆ, ಒಬ್ಬರು ವೆಲ್ಲೂರು, ಮತ್ತೊಬ್ಬರು ನಾಟಿ ಔಷಧಿ. ಮುಂಬೈಯ ಆಸ್ಪತ್ರೆಯಲ್ಲಿ ಮುಂದಿನ ತಿಂಗಳು ಸಮಯ ಸಿಕ್ಕಿದೆ. ಅಲ್ಲಿಯವರೆಗೆ ಕಾಯಬಹುದೆ? ಅಸ್ಥಿಮಜ್ಜೆಯ ಕಸಿ ಮಾಡಿಸಲೇಬೇಕೆ? ಖರ್ಚು ಹೇಗೆ ನಿಭಾಯಿಸುವುದು? ಅಪ್ಪನಿಗೆ ಕಾಯಿಲೆಯ ಹೆಸರನ್ನು ಇನ್ನೂ ಹೇಳಿಲ್ಲ. ಅವರು ಕೇಳುವುದು ಒಂದೇ, ಈ ಸಲದ ಅಡಿಕೆ ಕೊನೆಯ (ಗೊನೆಯ) ಕೊಯ್ಲಿಗೆ ತೋಟಕ್ಕೆ ಹೋಗಬಹುದೆ ಎಂದು.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಕ್ರಿಯೇಟಿನಿನ್ 2.6 ಎಂಬಲ್ಲಿಗೆ, ಅಂದರೆ ಮೂತ್ರಪಿಂಡ ಸೋಲುತ್ತಿದೆ ಎಂಬ ಸೂಚನೆಗೆ. ಅದೊಂದರಿಂದಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ: ಮುಂದಿನ ತಿಂಗಳವರೆಗೆ ಕಾಯಬೇಡಿ. ಈ ವಾರವೇ ಒಬ್ಬ ರಕ್ತರೋಗ ತಜ್ಞರು, ಅಂದರೆ ಹೆಮಟಾಲಜಿಸ್ಟ್, ಅವರನ್ನು ನೋಡಬೇಕು. ಯಾವ ಊರು ಎಂಬುದನ್ನು ಆಮೇಲೆ ಚರ್ಚಿಸೋಣ.

ಈ ಅವಸರಕ್ಕೆ ಕಾರಣವಿದೆ. ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಕೋಶಗಳಿರುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ಮೈಲೋಮಾ ಎಂಬ ಈ ರಕ್ತದ ಕ್ಯಾನ್ಸರ್‌ನಲ್ಲಿ ಅವುಗಳಲ್ಲಿ ಒಂದು ಹದ್ದು ಮೀರಿ ಬೆಳೆದು, ಒಂದೇ ಬಗೆಯ ನಿರುಪಯುಕ್ತ ಪ್ರೋಟೀನನ್ನು ಹಗಲೂ ರಾತ್ರಿ ಹೊರಹಾಕುತ್ತದೆ. ನಿಮ್ಮ ರಿಪೋರ್ಟಿನ ಎಂ-ಬ್ಯಾಂಡ್ ಅದೇ. ಆ ಪ್ರೋಟೀನಿನ ಸಣ್ಣ ತುಂಡುಗಳಾದ ಲೈಟ್ ಚೈನ್‌ಗಳು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಮಜ್ಜೆಯಲ್ಲಿ ಜಾಗ ಸಾಲದೆ ಕೆಂಪು ರಕ್ತಕಣ ಕಡಿಮೆಯಾಗುತ್ತದೆ. ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗಿ, ಭಾರ ಹೊರುವ ಬೆನ್ನುಮೂಳೆ ಮೊದಲು ಕುಸಿಯುತ್ತದೆ. ನಿಮ್ಮ ತಂದೆಯವರ ಮೂರೂ ತೊಂದರೆಗಳು ಹೀಗೆ ಒಂದೇ ಮೂಲದಿಂದ ಬಂದವು. ಇವುಗಳಲ್ಲಿ ರಕ್ತಹೀನತೆ ಚಿಕಿತ್ಸೆಗೆ ಸರಿಹೋಗುತ್ತದೆ, ಮೂಳೆಗೂ ದಾರಿಯಿದೆ. ಮೂತ್ರಪಿಂಡ ಮಾತ್ರ ತಡವಾದಷ್ಟೂ ಕೈಗೆ ಸಿಗದು. ಬೇಗ ಔಷಧಿ ಶುರುವಾದವರಲ್ಲಿ ಅನೇಕರಿಗೆ ಕ್ರಿಯೇಟಿನಿನ್ ಇಳಿದು ಬರುತ್ತದೆ. ವಾರಗಟ್ಟಲೆ ತಡವಾದವರಲ್ಲಿ ಕೆಲವರು ಕಾಯಂ ಡಯಾಲಿಸಿಸ್‌ಗೆ ಹೋಗಬೇಕಾಗುತ್ತದೆ.

ಹಾಗಾಗಿ ಇವತ್ತಿನಿಂದಲೇ ಮನೆಯಲ್ಲಿ ಆಗಬೇಕಾದ ಕೆಲಸ ಕೆಲವಿವೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳನ್ನು ನಿಲ್ಲಿಸಿ. ಪ್ಯಾರಸಿಟಮಾಲ್ ಜೊತೆಗೆ ಅಸಿಕ್ಲೋಫೆನಾಕ್ ಬೆರೆತ ಮಾತ್ರೆಗಳು ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಸಿಗುತ್ತವೆ, ಆದ್ದರಿಂದ ಪಟ್ಟಿಯ ಹಿಂಬದಿಯ ಹೆಸರನ್ನು ಓದಿ ನೋಡಿ. ಎಂಟು ತಿಂಗಳು ಇವೇ ಮಾತ್ರೆಗಳನ್ನು ತೆಗೆದುಕೊಂಡಿದ್ದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಬರಿಯ ಪ್ಯಾರಸಿಟಮಾಲ್ ಕೊಡಬಹುದು. ಸಾಲದಿದ್ದರೆ ಟ್ರಮಡಾಲ್, ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ ಮುಂತಾದವನ್ನು ವೈದ್ಯರು ಮೂತ್ರಪಿಂಡದ ಸ್ಥಿತಿ ನೋಡಿ ಬರೆದುಕೊಡುತ್ತಾರೆ. ನೋವನ್ನು ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಹೃದಯದ ತೊಂದರೆ, ಕಾಲಿನ ಬಾವು ಇಲ್ಲದಿದ್ದರೆ ಮತ್ತು ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ದಿನಕ್ಕೆ ಎರಡೂವರೆ, ಮೂರು ಲೀಟರ್ ನೀರು ಕುಡಿಯಲಿ. ಇನ್ನು ನಾಟಿ ಔಷಧಿಯ ಬಗ್ಗೆ: ಲೋಹದ ಭಸ್ಮಗಳಿರುವ ಔಷಧಿ ಈ ಸ್ಥಿತಿಯ ಮೂತ್ರಪಿಂಡಕ್ಕೆ ವಿಷವೇ ಆಗಬಹುದು. ನೆಂಟರ ಮನಸ್ಸು ನೋಯುತ್ತದೆಂದು ಒಪ್ಪಿಕೊಳ್ಳಬೇಡಿ. ಸ್ಕ್ಯಾನ್‌ಗೆ ಹೋದಾಗ ಬಣ್ಣದ ಇಂಜೆಕ್ಷನ್, ಅಂದರೆ ಕಾಂಟ್ರಾಸ್ಟ್, ಕೊಡುವ ಮೊದಲು ಕ್ರಿಯೇಟಿನಿನ್ ಎಷ್ಟಿದೆ ಎಂದು ನೀವಾಗಿಯೇ ಹೇಳಿ.

ಈಗ ಊರಿನ ಮಾತು. ಮೈಲೋಮಾ ಒಂದು ಶಸ್ತ್ರಚಿಕಿತ್ಸೆಯಿಂದ ಮುಗಿಯುವ ಕಾಯಿಲೆಯಲ್ಲ. ವರ್ಷಗಟ್ಟಲೆ ಜೊತೆಗಿರುತ್ತದೆ, ಔಷಧಿ ಬದಲಾಗುತ್ತ ಹೋಗುತ್ತದೆ. ಆದ್ದರಿಂದ ನಾನು ಎಲ್ಲ ಕುಟುಂಬಗಳಿಗೂ ಹೇಳುವುದು: ಚಿಕಿತ್ಸೆಯ ಯೋಜನೆಯನ್ನು ಮೈಲೋಮಾ ನೋಡಿ ಪಳಗಿದ ಒಬ್ಬ ತಜ್ಞರ ಕೈಗೆ ಕೊಡಿ, ವಾರವಾರದ ಇಂಜೆಕ್ಷನ್ ಮತ್ತು ರಕ್ತಪರೀಕ್ಷೆಯನ್ನು ಮನೆಗೆ ಹತ್ತಿರದ ಆಸ್ಪತ್ರೆಗೆ ವಹಿಸಿ. ದೊಡ್ಡ ಆಸ್ಪತ್ರೆಗೆ ತಿರುವುಗಳಲ್ಲಿ ಮಾತ್ರ ಹೋದರೆ ಸಾಕು: ರೋಗನಿರ್ಣಯಕ್ಕೆ, ಮೂರು–ನಾಲ್ಕು ತಿಂಗಳ ನಂತರದ ಪರಿಶೀಲನೆಗೆ, ಕಸಿಗೆ, ಕಾಯಿಲೆ ಮರುಕಳಿಸಿದರೆ ಹೊಸ ಔಷಧಿ ಆರಿಸುವುದಕ್ಕೆ.

ಕಸಿ ಮಾಡುವ ಸೌಲಭ್ಯವಿರುವ ರಕ್ತರೋಗ ವಿಭಾಗಗಳು ನಮ್ಮ ರಾಜ್ಯದಲ್ಲೇ ಇವೆ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ, ಕೋರಮಂಗಲದ ಸೇಂಟ್ ಜಾನ್ಸ್, ಬೊಮ್ಮಸಂದ್ರದ ಮಜುಂದಾರ್ ಶಾ, ಕರಾವಳಿಯಲ್ಲಿ ಮಣಿಪಾಲದ ಕಸ್ತೂರಬಾ. ವೆಲ್ಲೂರಿನ ಸಿಎಂಸಿ ಮತ್ತು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1980ರ ದಶಕದಿಂದಲೇ ಮಜ್ಜೆಯ ಕಸಿ ಮಾಡುತ್ತಿವೆ, ಅವುಗಳ ಅನುಭವದ ಬಗ್ಗೆ ಎರಡು ಮಾತಿಲ್ಲ. ಆದರೆ ಮೊದಲ ನಾಲ್ಕು ತಿಂಗಳ ಔಷಧಿ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಅದಕ್ಕಾಗಿ ಮುಂಬೈಯಲ್ಲಿ ಬಾಡಿಗೆ ಕೋಣೆ ಹಿಡಿದು, ಭಾಷೆ ಬಾರದ ಊರಿನಲ್ಲಿ ತಾಯಿಯವರು ಸ್ಟವ್ ಹಚ್ಚಿ ಗಂಜಿ ಬೇಯಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಮುಂಬೈಯ ದಿನಾಂಕವನ್ನು ಬೇಕಾದರೆ ಎರಡನೆಯ ಅಭಿಪ್ರಾಯಕ್ಕೆ ಇಟ್ಟುಕೊಳ್ಳಿ. ಮಣಿಪಾಲಕ್ಕೆ ಹೋಗುವುದಾದರೆ ಕುಸಿದ ಬೆನ್ನುಮೂಳೆ ಹೊತ್ತು ದೇವಿಮನೆ ಘಟ್ಟ ಇಳಿಯಬೇಕು. ಬೆನ್ನಿಗೆ ವೈದ್ಯರು ಹೇಳಿದ ಪಟ್ಟಿ ಕಟ್ಟಿಕೊಂಡು, ಕಾರಿನಲ್ಲಿ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ಮೆಲ್ಲಗೆ ಹೋಗಿ. ಬೆಂಗಳೂರಿಗಾದರೆ ಹುಬ್ಬಳ್ಳಿಯಿಂದ ರಾತ್ರಿ ರೈಲಿನ ಕೆಳಗಿನ ಬರ್ತ್ ಬಸ್ಸಿಗಿಂತ ಎಷ್ಟೋ ಮೇಲು.

ಅಲ್ಲಿ ಮಾಡುವ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಮಜ್ಜೆಯ ಪರೀಕ್ಷೆ. ಸೊಂಟದ ಹಿಂಭಾಗದ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಸ್ವಲ್ಪ ಮಜ್ಜೆಯನ್ನೂ ಮೂಳೆಯ ಸಣ್ಣ ತುಣುಕನ್ನೂ ತೆಗೆಯುತ್ತಾರೆ. ಎಳೆಯುವಾಗ ಕೆಲವು ಸೆಕೆಂಡು ನೋವಿರುತ್ತದೆ, ಅದೇ ದಿನ ಮನೆಗೆ ಬರಬಹುದು. ಫ್ರೀ ಲೈಟ್ ಚೈನ್ ಅಳತೆ, ಕ್ಯಾಲ್ಸಿಯಂ, ಅಲ್ಬುಮಿನ್, ಬೀಟಾ-2 ಮೈಕ್ರೊಗ್ಲೋಬ್ಯುಲಿನ್, ಇಡೀ ದೇಹದ ಸ್ಕ್ಯಾನ್ ಇವೆಲ್ಲ ಜೊತೆಗೆ ಬರುತ್ತವೆ. ಕೋಶಗಳ ವರ್ಣತಂತುಗಳಲ್ಲಿ ಏನು ಬದಲಾವಣೆಯಾಗಿದೆ ಎಂದು ನೋಡುವ ಫಿಶ್ ಪರೀಕ್ಷೆಯೂ ಬೇಕು, ಏಕೆಂದರೆ 17ನೆಯ ವರ್ಣತಂತುವಿನ ತುಂಡು ಕಳೆದುಹೋಗಿದ್ದರೆ ಕಾಯಿಲೆಯ ಸ್ವಭಾವ ಒರಟು, ಚಿಕಿತ್ಸೆಯೂ ಬಿಗಿಯಾಗಿರಬೇಕು. ಇದರ ಫಲಿತಾಂಶ ಬರಲು ದಿನಗಳು ಹಿಡಿಯುತ್ತವೆ. ಅದಕ್ಕಾಗಿ ಔಷಧಿ ನಿಲ್ಲಬಾರದು. ನಿಮ್ಮ ತಂದೆಯವರಂಥವರಲ್ಲಿ ಮಜ್ಜೆಯ ಮಾದರಿ ತೆಗೆದು, ಮೈಲೋಮಾ ಖಚಿತವಾದ ಕೂಡಲೇ ಬೊರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿ ಮತ್ತು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಶುರು ಮಾಡುವುದು ರೂಢಿ. ಬೊರ್ಟೆಜೊಮಿಬ್‌ಗೆ ಮೂತ್ರಪಿಂಡದ ಕಾರಣಕ್ಕೆ ಪ್ರಮಾಣ ಇಳಿಸಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲ. ಮೂರನೆಯದಾಗಿ ಸೈಕ್ಲೊಫಾಸ್ಫಮೈಡ್, ಥಾಲಿಡೊಮೈಡ್, ಇಲ್ಲವೆ ಕ್ರಿಯೇಟಿನಿನ್ ಇಳಿದ ಮೇಲೆ ಲೆನಾಲಿಡೊಮೈಡ್ ಸೇರುತ್ತದೆ. ಕೈಗೆಟುಕುವವರಿಗೆ ದಾರಾಟುಮುಮಾಬ್ ಎಂಬ ಪ್ರತಿಕಾಯ ಔಷಧಿಯನ್ನೂ ಈಗ ಮೊದಲಿನಿಂದಲೇ ಸೇರಿಸುತ್ತಾರೆ.

ಬೊರ್ಟೆಜೊಮಿಬ್ ಹೊಟ್ಟೆಯ ಚರ್ಮದಡಿ ಕೊಡುವ ಪುಟ್ಟ ಇಂಜೆಕ್ಷನ್. ಸಾಮಾನ್ಯವಾಗಿ ವಾರಕ್ಕೊಮ್ಮೆ. ಇದನ್ನು ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಔಷಧಿ ಕೊಡುವ ಘಟಕದಲ್ಲಿ ಹಾಕಿಸಿಕೊಂಡು ಸಂಜೆಗೆ ಮನೆ ಸೇರಬಹುದು. ಅದರ ಮುಖ್ಯ ತೊಂದರೆ ನರಗಳದ್ದು. ಪಾದದಲ್ಲಿ ಜೋಮು, ಉರಿ, ಚಪ್ಪಲಿ ಜಾರಿದ್ದೂ ಗೊತ್ತಾಗದಷ್ಟು ಮರಗಟ್ಟುವಿಕೆ. ಇಂಜೆಕ್ಷನ್ ನಿಲ್ಲಿಸಿಬಿಟ್ಟಾರು ಎಂಬ ಭಯಕ್ಕೆ ರೋಗಿಗಳು ಇದನ್ನು ಮುಚ್ಚಿಡುತ್ತಾರೆ. ಪ್ರಮಾಣ ಇಳಿಸಿದರೆ ಹೆಚ್ಚಿನವರಲ್ಲಿ ತಡೆಯಬಹುದು, ಮುಚ್ಚಿಟ್ಟರೆ ಹಾನಿ ಉಳಿದುಬಿಡುತ್ತದೆ. ಪ್ರತಿ ವಾರ ನೀವೇ ಕೇಳಿ: ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತದೆಯೆ, ನೆಲ ಹತ್ತಿಯಂತೆ ಅನ್ನಿಸುತ್ತದೆಯೆ? ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುವ ನಿಮ್ಮ ಕಡೆ, ಕಾಲಿನ ಸ್ಪರ್ಶ ಮಂದವಾದವರು ಜಾರಿ ಬೀಳುವುದೇ ದೊಡ್ಡ ಅಪಾಯ. ಬಚ್ಚಲಿಗೆ ಹೋಗುವ ದಾರಿಗೆ ದೀಪ ಮತ್ತು ಹಿಡಿದುಕೊಳ್ಳಲು ಗಳ ಹಾಕಿಸಿ. ಈ ಔಷಧಿಯ ಜೊತೆಗೆ ಸರ್ಪಸುತ್ತು ಬಾರದಂತೆ ಅಸೈಕ್ಲೊವಿರ್ ಮಾತ್ರೆ ಇರಬೇಕು. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ. ಹಸಿರು ಚಹಾದ ಪುಡಿ, ಹೆಚ್ಚು ಪ್ರಮಾಣದ ವಿಟಮಿನ್ ಸಿ ಮಾತ್ರೆ ಬೊರ್ಟೆಜೊಮಿಬ್‌ನ ಕೆಲಸಕ್ಕೆ ಅಡ್ಡಿಯಾಗಬಹುದು. ಊಟದ ನಿಂಬೆಹಣ್ಣಿಗೆ ಅಡ್ಡಿಯಿಲ್ಲ.

ಡೆಕ್ಸಾಮೆಥಸೋನ್ ಬೇರೆಯೇ ತರಹದ್ದು. ಮಾತ್ರೆ ತೆಗೆದುಕೊಂಡ ದಿನ ಮನುಷ್ಯ ನಿದ್ದೆಯಿಲ್ಲದೆ ಓಡಾಡುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ, ಮಾರನೆಯ ದಿನ ಕುಗ್ಗಿ ಕೂರುತ್ತಾನೆ. ರಾತ್ರಿ ಎರಡು ಗಂಟೆಗೆ ಎದ್ದು ಅಡಿಕೆಯ ಲೆಕ್ಕದ ಪುಸ್ತಕ ತೆಗೆದು ಕೂತರೆ ಅದು ನಿಮ್ಮ ತಂದೆಯವರ ಸ್ವಭಾವ ಕೆಟ್ಟದ್ದಲ್ಲ, ಔಷಧಿಯ ಪ್ರಭಾವ. ಇದನ್ನು ತಾಯಿಯವರಿಗೆ ಮೊದಲೇ ತಿಳಿಸಿ, ಏಕೆಂದರೆ ಆ ಸಿಡುಕು ಹೆಚ್ಚಾಗಿ ಬೀಳುವುದು ಅವರ ಮೇಲೆ. ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರವೇ ಕೊಡಿ, ಸಕ್ಕರೆಯ ಮಟ್ಟ ನೋಡುತ್ತಿರಿ. ಮುಂದೆ ಲೆನಾಲಿಡೊಮೈಡ್ ಬಂದಾಗ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಇಲ್ಲವೆ ಅಂಥದ್ದೇ ಔಷಧಿ ಇರುತ್ತದೆ. ಆ ಕ್ಯಾಪ್ಸೂಲನ್ನು ಒಡೆಯಬಾರದು. ಅದು ಥಾಲಿಡೊಮೈಡ್ ವಂಶದ್ದು, ಗರ್ಭದಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರು ಅದನ್ನು ಮುಟ್ಟದಿರಲಿ.

ಇನ್ನು ಕಸಿ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಸರು ಕೇಳಿಯೇ ಜನ ಹೆದರುತ್ತಾರೆ, ಇಲ್ಲವೆ ಇದೊಂದಾದರೆ ಎಲ್ಲ ಮುಗಿಯಿತೆಂದು ನಂಬುತ್ತಾರೆ. ಮೈಲೋಮಾದಲ್ಲಿ ಮಾಡುವುದು ರೋಗಿಯದೇ ಆಕರಕೋಶಗಳ, ಅಂದರೆ ರಕ್ತಕಣಗಳು ಹುಟ್ಟುವ ಮೂಲಕೋಶಗಳ, ಕಸಿ. ಬೇರೆ ದಾನಿ ಬೇಕಾಗಿಲ್ಲ, ಅಣ್ಣ ತಮ್ಮಂದಿರ ರಕ್ತ ಹೊಂದುತ್ತದೆಯೆ ಎಂದು ಪರೀಕ್ಷಿಸುವ ಪ್ರಶ್ನೆಯೇ ಇಲ್ಲ. ನಾಲ್ಕರಿಂದ ಆರು ಸುತ್ತು ಔಷಧಿಯಾಗಿ ಕಾಯಿಲೆ ಚೆನ್ನಾಗಿ ತಗ್ಗಿದ ಮೇಲೆ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು ಆಕರಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುವಂತೆ ಮಾಡುತ್ತಾರೆ. ಯಂತ್ರವೊಂದು ರಕ್ತವನ್ನು ಒಂದು ಕಡೆಯಿಂದ ಎಳೆದು, ಆ ಕೋಶಗಳನ್ನು ಸೋಸಿಕೊಂಡು, ಉಳಿದದ್ದನ್ನು ಹಿಂದಿರುಗಿಸುತ್ತದೆ. ಕೆಲವು ಗಂಟೆಗಳ ಕೆಲಸ, ಒಂದೆರಡು ದಿನ. ಆಮೇಲೆ ಮೆಲ್ಫಲಾನ್ ಎಂಬ ಔಷಧಿಯನ್ನು ಭಾರೀ ಪ್ರಮಾಣದಲ್ಲಿ ಕೊಡುತ್ತಾರೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣವನ್ನು ತಗ್ಗಿಸುತ್ತಾರೆ. ಆ ಹೊತ್ತಿನಲ್ಲಿ ರೋಗಿ ಮಂಜುಗಡ್ಡೆಯ ಚೂರುಗಳನ್ನು ಬಾಯಲ್ಲಿಟ್ಟು ಚೀಪುತ್ತಿರಬೇಕು. ಬಾಯಿಯ ರಕ್ತನಾಳಗಳು ಕುಗ್ಗಿ ಔಷಧಿ ಅಲ್ಲಿಗೆ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ಇಷ್ಟು ಸರಳ ಉಪಾಯದಿಂದ ಮುಂದಿನ ಹತ್ತು ದಿನಗಳ ಊಟ ಉಳಿಯುತ್ತದೆ, ಹಾಗಾಗಿ ಹಲ್ಲು ಜುಮ್ಮೆಂದರೂ ಬಿಡಬೇಡಿ ಎಂದು ತಂದೆಯವರಿಗೆ ಹೇಳಿ.

ಮಾರನೆಯ ದಿನ ಅಥವಾ ಅದರ ಮರುದಿನ ಅವರದೇ ಕೋಶಗಳನ್ನು ರಕ್ತ ಕೊಡುವ ಹಾಗೆಯೇ ಹಿಂದಕ್ಕೆ ಕೊಡುತ್ತಾರೆ. ನಮ್ಮ ದೇಶದ ಹಲವು ಕೇಂದ್ರಗಳಲ್ಲಿ ಕೋಶಗಳನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸದೆ, ನಾಲ್ಕು ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟು ಬಳಸುತ್ತಾರೆ. ಫಲ ಚೆನ್ನಾಗಿಯೇ ಇದೆ, ಖರ್ಚೂ ಕಡಿಮೆ. ನಂತರದ ಹತ್ತು–ಹನ್ನೆರಡು ದಿನ ಬಿಳಿ ರಕ್ತಕಣ ಇಲ್ಲವೆಂಬಷ್ಟು ಕಡಿಮೆ. ಜ್ವರ, ಭೇದಿ, ಬಾಯಿಹುಣ್ಣು, ಸುಸ್ತು ಎಲ್ಲ ಆಗ. ಆಸ್ಪತ್ರೆಯ ವಾಸ ಒಟ್ಟು ಎರಡರಿಂದ ಮೂರು ವಾರ, ಪೂರ್ಣ ಚೇತರಿಕೆಗೆ ಸುಮಾರು ಮೂರು ತಿಂಗಳು. ಪಳಗಿದ ಕೇಂದ್ರಗಳಲ್ಲಿ ಈ ಕಸಿಯಿಂದಲೇ ಪ್ರಾಣಾಪಾಯ ಆಗುವುದು ನೂರರಲ್ಲಿ ಒಂದೆರಡು ಮಂದಿಗೆ.

ಮಾಡಿಸಲೇಬೇಕೆ? 2022ರಲ್ಲಿ ಅಮೆರಿಕದ ಡಿಟರ್ಮಿನೇಷನ್ ಎಂಬ ಅಧ್ಯಯನದ ಫಲಿತಾಂಶ ಬಂತು. ಕಸಿ ಮಾಡಿಸಿಕೊಂಡವರಲ್ಲಿ ಕಾಯಿಲೆ ಮತ್ತೆ ತಲೆಯೆತ್ತುವವರೆಗಿನ ಅವಧಿ ಸುಮಾರು 67 ತಿಂಗಳು, ಬರಿಯ ಔಷಧಿಯಲ್ಲಿ ಇದ್ದವರಲ್ಲಿ 46 ತಿಂಗಳು. ಆದರೆ ಒಟ್ಟು ಆಯುಸ್ಸಿನಲ್ಲಿ ಆವರೆಗೆ ವ್ಯತ್ಯಾಸ ಕಂಡಿರಲಿಲ್ಲ, ಏಕೆಂದರೆ ಕಸಿಯಾಗದವರಿಗೆ ಮುಂದೆ ಹೊಸ ಔಷಧಿಗಳು ಸಿಕ್ಕಿದವು. ಅಲ್ಲಿಯ ಮಾತು ಅದು. ದುಬಾರಿ ಔಷಧಿಗಳು ಎಲ್ಲರಿಗೂ ಸಿಗದ ನಮ್ಮಲ್ಲಿ, ಒಮ್ಮೆ ಮಾಡಿಸಿದ ಕಸಿ ಕೊಡುವ ಆ ಹೆಚ್ಚುವರಿ ಅವಧಿಗೆ ಬೆಲೆ ಇನ್ನೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. 61 ವರ್ಷದ, ತೋಟದ ಕೆಲಸ ಮಾಡಿದ ಗಟ್ಟಿ ದೇಹ, ಹೃದಯ ಸರಿಯಿದ್ದರೆ ನಾನು ಕಸಿಯ ಕಡೆಗೇ ವಾಲುತ್ತೇನೆ. ಆದರೂ ಇದನ್ನು ಇವತ್ತು ತೀರ್ಮಾನಿಸಬೇಕಾಗಿಲ್ಲ. ನಾಲ್ಕು ತಿಂಗಳ ಔಷಧಿಗೆ ದೇಹ ಹೇಗೆ ಸ್ಪಂದಿಸುತ್ತದೆ ನೋಡಿ. ಕಸಿಯಾದ ಮೇಲೂ ಕಾಯಿಲೆ ಹತೋಟಿಯಲ್ಲಿರಲು ಲೆನಾಲಿಡೊಮೈಡ್‌ನಂಥ ಔಷಧಿ ಮುಂದುವರಿಯುತ್ತದೆ, ಬಾಲ್ಯದ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕಾಗುತ್ತದೆ. ಸುದ್ದಿಯಲ್ಲಿ ಬಂದ ಭಾರತದ ಕಾರ್-ಟಿ ಚಿಕಿತ್ಸೆಯ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಹಿಂದಿರುಗಿಸುವ ವಿಧಾನ) ಬಗ್ಗೆ ಯಾರಾದರೂ ಹೇಳಿದರೆ ಗಮನದಲ್ಲಿಡಿ: 2023ರಲ್ಲಿ ಅನುಮತಿ ಪಡೆದ ಸ್ವದೇಶಿ ಚಿಕಿತ್ಸೆ ಬೇರೆ ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ, ಮೈಲೋಮಾಕ್ಕಲ್ಲ.

ಮೂಳೆ ಗಟ್ಟಿಯಾಗಲು ಜೊಲೆಡ್ರೊನಿಕ್ ಆಸಿಡ್ ಎಂಬ ಡ್ರಿಪ್ ಇದೆ, ಮೂತ್ರಪಿಂಡ ಒಪ್ಪದಿದ್ದರೆ ಡೆನೊಸುಮಾಬ್ ಇಂಜೆಕ್ಷನ್. ಇವೆರಡರಲ್ಲೂ ಅಪರೂಪಕ್ಕೆ ದವಡೆಯ ಮೂಳೆ ಕೊಳೆಯುವ ತೊಂದರೆ ಬರುತ್ತದೆ. ಔಷಧಿ ನಡೆಯುವಾಗ ಹಲ್ಲು ಕೀಳಿಸಿದರೆ ಆ ಅಪಾಯ ಹೆಚ್ಚು. ಆದ್ದರಿಂದ ಮೊದಲ ಡ್ರಿಪ್‌ಗೆ ಮುಂಚೆಯೇ ದಂತವೈದ್ಯರಲ್ಲಿ ಹೋಗಿ, ಕೀಳಬೇಕಾದ ಹಲ್ಲು ಕೀಳಿಸಿ, ಗಾಯ ಮಾಯುವವರೆಗೆ ಕಾಯಿರಿ. ನಿಮ್ಮ ಕಡೆಯ ಹಿರಿಯರಿಗೆ ಕವಳ, ಅಂದರೆ ಎಲೆ ಅಡಿಕೆ, ಬಿಡುವುದು ಅನ್ನ ಬಿಟ್ಟಷ್ಟು ಕಷ್ಟ ಎಂದು ಬಲ್ಲೆ. ಆದರೂ ಬಿಡಿಸಬೇಕು. ಒಸಡಿನ ಗಾಯ, ಸುಣ್ಣದ ಸುಡು, ಕಸಿಯ ಕಾಲದ ಬಾಯಿಹುಣ್ಣು ಎಲ್ಲಕ್ಕೂ ಅದು ಕೆಟ್ಟದ್ದು. ಕುಸಿದ ಡಿ12ಕ್ಕೆ ನೋವು ಇಳಿಯದಿದ್ದರೆ ವಿಕಿರಣ ಚಿಕಿತ್ಸೆ ಅಥವಾ ಮೂಳೆಗೆ ಸಿಮೆಂಟ್ ತುಂಬಿಸುವ ವಿಧಾನ ಇದೆ. ಬೆನ್ನು ನೀವುವವರ ಬಳಿ ಮಾತ್ರ ಖಂಡಿತ ಹೋಗಬೇಡಿ.

ಹಣದ ವಿಚಾರ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಶಿರಸಿಯಲ್ಲೇ ಮಾಡಿಸಿಕೊಂಡು ಹೊರಡಿ, ಇಲ್ಲದಿದ್ದರೆ ಅದೊಂದಕ್ಕೇ ಹಿಂದಿರುಗಬೇಕಾದೀತು. ದೊಡ್ಡ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಔಷಧಿ, ಕಸಿ ಯಾವುದು ಎಷ್ಟರಮಟ್ಟಿಗೆ ಯೋಜನೆಯಡಿ ಬರುತ್ತದೆಂದು ದಾಖಲಾಗುವ ಮೊದಲೇ ಅವರಿಂದ ತಿಳಿದುಕೊಳ್ಳಿ, ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ. ಬೊರ್ಟೆಜೊಮಿಬ್, ಲೆನಾಲಿಡೊಮೈಡ್ ಎರಡನ್ನೂ ನಮ್ಮ ದೇಶದ ಹಲವು ಕಂಪನಿಗಳು ತಯಾರಿಸುತ್ತವೆ, ಒಂದೇ ಔಷಧಿಯ ಬೆಲೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಹಲವು ಪಟ್ಟು ಬದಲಾಗುತ್ತದೆ. ಅಗ್ಗದ್ದು ಯಾವುದು ಎಂದು ವೈದ್ಯರನ್ನೇ ಕೇಳಿ, ಕೇಳಲು ಸಂಕೋಚ ಬೇಡ. ದಾರಾಟುಮುಮಾಬ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ ಶೂನ್ಯವಾಗಿದೆ, ಆದರೂ ಅದು ದುಬಾರಿಯೇ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಪೂರ್ಣ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಕಿದ್ವಾಯಿಯಲ್ಲಿ ಉಳಿದುಕೊಳ್ಳಲು ಧರ್ಮಶಾಲೆಯೂ ಇದೆ.

ತಂದೆಯವರಿಗೆ ಹೇಳಿ. ಆಸ್ಪತ್ರೆಯ ಫಲಕದಲ್ಲಿ ಕ್ಯಾನ್ಸರ್ ಎಂದು ಬರೆದಿರುತ್ತದೆ, ಪಕ್ಕದ ಹಾಸಿಗೆಯವರು ವಿಚಾರಿಸುತ್ತಾರೆ, ಕಸಿಗೆ ಅವರೇ ಸಹಿ ಹಾಕಬೇಕು. ಅಪರಿಚಿತರಿಂದ ತಿಳಿಯುವುದಕ್ಕಿಂತ ನಿಮ್ಮಿಂದ ತಿಳಿಯಲಿ. ಪೂರ್ತಿ ಬೇರುಸಹಿತ ಹೋಗುವ ಕಾಯಿಲೆಯಲ್ಲ ಎಂಬುದನ್ನೂ, 1990ರ ದಶಕದಲ್ಲಿ ಮೂರು ವರ್ಷದ ಆಸುಪಾಸಿನ ಮಾತಾಗಿದ್ದದ್ದು ಈಗ ಅನೇಕರಲ್ಲಿ ಎಂಟು–ಹತ್ತು ವರ್ಷ ದಾಟುತ್ತಿದೆ ಎಂಬುದನ್ನೂ ಒಟ್ಟಿಗೇ ಹೇಳಿ. ಕಷ್ಟವೆನಿಸಿದರೆ ಮೊದಲ ಭೇಟಿಯಲ್ಲಿ ವೈದ್ಯರಿಗೆ ಬಿಡಿ, ನೀವು ಪಕ್ಕದಲ್ಲಿ ಕುಳಿತಿರಿ.

ಮೂರು ಸಂದರ್ಭಗಳಲ್ಲಿ ಬೆಳಗಾಗಲಿ ಎಂದು ಕಾಯಬಾರದು. ಕಾಲುಗಳಲ್ಲಿ ಶಕ್ತಿ ಕುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಿಕೊಂಡಿದೆ ಎಂದು ತಿಳಿಯಿರಿ, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಚಿಕಿತ್ಸೆ ನಡೆಯುವಾಗ 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ, ಡೆಕ್ಸಾಮೆಥಸೋನ್ ಜ್ವರವನ್ನು ಮರೆಮಾಚುವುದರಿಂದ ಜ್ವರವಿಲ್ಲದೆ ನಡುಕ, ಉಸಿರಾಟದ ತೊಂದರೆ ಬಂದರೂ ಸಹ. ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಕು ಕವಿದ ಮಾತು ಒಟ್ಟಿಗೆ ಕಂಡರೆ ಕ್ಯಾಲ್ಸಿಯಂ ಏರಿರಬಹುದು. ಶಿರಸಿಯ ವೈದ್ಯರೊಬ್ಬರಿಗೆ ಈಗಲೇ ಎಲ್ಲ ಕಾಗದಗಳ ಪ್ರತಿ ಕೊಟ್ಟು ಪರಿಚಯ ಮಾಡಿಕೊಂಡಿರಿ. ರಾತ್ರಿ ಹನ್ನೊಂದಕ್ಕೆ ಉಪಯೋಗಕ್ಕೆ ಬರುವವರು ಅವರೇ.

ಕೊಯ್ಲಿಗೆ ಹೋಗಬಹುದೆ ಎಂದು ತಂದೆಯವರು ಕೇಳಿದ್ದಾರೆ. ಬೆನ್ನುಮೂಳೆ ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಕೋಲು ಹಿಡಿದು ತೋಟದಲ್ಲಿ ನಡೆಯಬಹುದು, ನಡೆಯಲೇಬೇಕು, ಮಲಗಿದಲ್ಲೇ ಇದ್ದರೆ ಮೂಳೆ ಇನ್ನಷ್ಟು ಸವೆಯುತ್ತದೆ. ಕೊನೆ ಇಳಿಸುವಲ್ಲಿ ನಿಂತು ಮೇಲ್ವಿಚಾರಣೆ ಮಾಡಲಿ, ಲೆಕ್ಕ ಬರೆಯಲಿ. ಕೊನೆ ಹೊರುವುದು, ಬಗ್ಗಿ ಹೆಕ್ಕುವುದು, ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಸುಲಿಯುವುದು ಬೇಡ. ಕೊಟ್ಟಿಗೆಯ ಗೊಬ್ಬರ, ಕೊಳೆತ ಸೊಪ್ಪು, ಬೂಷ್ಟು ಹಿಡಿದ ಒಣಗಿದ ಅಡಿಕೆಯ ದೂಳಿನ ಹತ್ತಿರ ಚಿಕಿತ್ಸೆಯ ಕಾಲದಲ್ಲಿ ಹೋಗಬಾರದು, ಅಲ್ಲಿನ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಸಿಯ ದಿನಾಂಕ ಕೊಯ್ಲಿನ ನಡುವೆ ಬಂದರೆ ಕೆಲವು ವಾರ ಮುಂದೂಡಿ ಎಂದು ಕೇಳಲು ಹಿಂಜರಿಯಬೇಡಿ. ಕಾಯಿಲೆ ಹತೋಟಿಯಲ್ಲಿದ್ದರೆ ಆ ಹೊತ್ತಿಗೆ ಅಷ್ಟು ಅವಕಾಶ ಸಾಮಾನ್ಯವಾಗಿ ಇರುತ್ತದೆ. ಈ ವಾರದ ಭೇಟಿಗೆ ಮಾತ್ರ ಅಂಥ ಅವಕಾಶವಿಲ್ಲ.